ನದಿ ದಾಟದ ವಿಮೆ

ಯೂಮಾ, ಅರಿಝೋನಾ
ನವೆಂಬರ್ 4, 2024

ಬ್ರೆನ್ನಾ,

ಬಂದು ಸೇರಿದೆ. ದಾರಿಯಲ್ಲಿ ಒಂದು ಟೈರು ಹೋಯಿತು, ಬೇರೇನೂ ಹೋಗಲಿಲ್ಲ. ಇಲ್ಲಿ ಎಂದಿನಂತೆ ಬಿಸಿಲು, ಎಂದಿನಂತೆ ಚಳಿಗೆ ಹೆದರಿ ಓಡಿಬಂದ ಮುದುಕರು. ಈ ಟ್ರೈಲರ್ ಮನೆಗಳ ಸಾಲಿನಲ್ಲಿ ಎಲ್ಲರೂ ನನಗಿಂತ ಮುದುಕರು ಅಂತ ನನ್ನ ಅಭಿಪ್ರಾಯ. ಅವರ ಅಭಿಪ್ರಾಯ ಕೇಳಿಲ್ಲ.

ಒಂದು ಕೆಲಸ ಹೇಳುತ್ತೇನೆ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಾವಿಬ್ಬರೂ ಐದು ನಿಮಿಷ ಮಾತಾಡಿದರೆ ಯಾರಾದರೊಬ್ಬರು ಫೋನ್ ಕುಕ್ಕುತ್ತೇವೆ. ಕಾಗದ ಕುಕ್ಕೋಕೆ ಬರಲ್ಲ.

ನಮ್ಮ ಚರ್ಚ್ ಬೆಂಚಿನ ಅಂಗಡಿಯ ಗುಂಪು ಆರೋಗ್ಯ ವಿಮೆಯ ವರ್ಷ ಫೆಬ್ರವರಿ ಕೊನೆಗೆ ಮುಗಿಯುತ್ತದೆ. ಅದರ ಬದಲು ಈಗ ಬೇರೆ ಏರ್ಪಾಡು ಬಂದಿದೆಯಂತೆ. ಕೆಲಸಗಾರರು ಅವರವರ ವಿಮೆ ಅವರವರೇ ಕೊಳ್ಳುವುದು, ರಸೀದಿ ತೋರಿಸುವುದು, ಮಾಲೀಕರು ತಿಂಗಳಿಗೆ ಇಷ್ಟು ಅಂತ ಮೊದಲೇ ಗೊತ್ತುಮಾಡಿದ ಹಣವನ್ನು ಹಿಂತಿರುಗಿಸುವುದು. ಅದರಲ್ಲೂ ಒಂದೆರಡು ಬಗೆ ಇವೆಯಂತೆ. ನೀನು ಕಾಲೇಜು ಓದಿದವಳು, ಅಂಗಡಿಯ ಲೆಕ್ಕಪತ್ರ ನೋಡುವವಳು. ಎಲ್ಲವನ್ನೂ ಗುಂಪು ವಿಮೆಯ ಪಕ್ಕದಲ್ಲಿಟ್ಟು ನೋಡಿ, ಯಾವುದು ವಾಸಿ ಅಂತ ಬರೆ. ಈ ತಿಂಗಳ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬದೊಳಗೆ ಬೇಕು. ಕೆಲಸಗಾರರಿಗೆ ಮೂರು ತಿಂಗಳು ಮುಂಚೆ ತಿಳಿಸಬೇಕೆಂದು ಕಾನೂನಿದೆ.

ಏಜೆಂಟ್ ಡೆಲ್ಮರ್‌ಗೆ ಫೋನ್ ಮಾಡಬೇಡ. ಒಂದು ಪ್ರಶ್ನೆಗೆ ಮೂರು ಉತ್ತರ ಕೊಟ್ಟು ಮೂರಕ್ಕೂ ಸಹಿ ಹಾಕಿಸಿಕೊಳ್ಳುವ ಆಸಾಮಿ. ಮತ್ತೆ, ಅಂಗಡಿ ಇರುವ ಅಯೋವಾ ಕೌಂಟಿಯ ವಿಮೆಗಳನ್ನಷ್ಟೇ ನೋಡಬೇಡ, ನದಿಯ ಆ ದಡದ ವಿಸ್ಕಾನ್ಸಿನ್ ಕೌಂಟಿಯ ಪಟ್ಟಿಯನ್ನೂ ನೋಡು. ನಮ್ಮ ಬಡಗಿ ಲೈಲ್ ನನ್ನ ಹಾಗೆ ಆ ದಡದಲ್ಲೇ ಇರುವವನಲ್ಲವೇ.

ಜೂನಿ ಹೇಗಿದ್ದಾಳೆ? ನನ್ನ ಮಗ ಕರ್ಟ್ ಕಾಗದ ಬರೆಯುವುದಿಲ್ಲ. ಅವನಪ್ಪನೂ ಬರೆಯುತ್ತಿರಲಿಲ್ಲ. ವಾರಕ್ಕೊಮ್ಮೆ ಸೇತುವೆ ದಾಟಿ ಹೋಗಿ ನನ್ನ ಮನೆಯ ನೆಲಮಾಳಿಗೆಯಲ್ಲಿ ಹೀಟರ್ ಉರಿಯುತ್ತಿದೆಯೇ ನೋಡಲು ಹೇಳು. ಮಹಡಿ ಹತ್ತುವುದು ಬೇಡ. ಅವನ ಬೂಟಿನ ಕೆಸರು ನನಗೆ ಗೊತ್ತು.

ಆರ್ಲಿಸ್ ಕೀಫರ್


ಬ್ಲಫ್ ಲ್ಯಾಂಡಿಂಗ್, ಅಯೋವಾ
ನವೆಂಬರ್ 13

ಪ್ರೀತಿಯ ಅತ್ತೆಗೆ,

ಜೂನಿ ಚೆನ್ನಾಗಿದ್ದಾಳೆ. ಎಂಟು ತಿಂಗಳ ಮಕ್ಕಳು ಮಾಡುವುದನ್ನೆಲ್ಲ ಮಾಡುತ್ತಾಳೆ, ನಿದ್ದೆಯೊಂದನ್ನು ಬಿಟ್ಟು. ಹೀಟರ್ ಉರಿಯುತ್ತಿದೆ.

ನೀವು ಹೇಳಿದ ಏರ್ಪಾಡುಗಳನ್ನು ಓದಿದೆ. ಎರಡು ನಮ್ಮಂಥ ಅಂಗಡಿಗೆ ಹೊಂದುತ್ತವೆ. ಮೊದಲನೆಯದು ಗುಂಪು ವಿಮೆ ಇಟ್ಟುಕೊಳ್ಳದ ಸಣ್ಣ ಮಾಲೀಕರಿಗೆ. ವರ್ಷಕ್ಕೆ ಇಷ್ಟಕ್ಕಿಂತ ಹೆಚ್ಚು ಕೊಡಬಾರದೆಂದು ಸರಕಾರವೇ ಮಿತಿ ಹಾಕಿದೆ, ಮತ್ತು ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಕು. ಸಂಸಾರವಂದಿಗರಿಗೆ ಆ ಮಿತಿ ಸಾಲದು. ಎರಡನೆಯದಕ್ಕೆ ಮೇಲ್ಮಿತಿ ಇಲ್ಲ. ಸಂಸಾರ ಇದ್ದವರಿಗೆ, ವಯಸ್ಸಾದವರಿಗೆ ಹೆಚ್ಚು ಕೊಡಬಹುದು. ಆದರೆ ಹಣ ಸಿಗಬೇಕಾದರೆ ಪ್ರತಿಯೊಬ್ಬರೂ ಸ್ವಂತ ವಿಮೆ ಕೊಂಡಿರಲೇಬೇಕು, ಮತ್ತು ಅಂಗಡಿ ಕೊಡುವುದು ಸಾಕಷ್ಟಿದ್ದರೆ ಸರಕಾರದ ರಿಯಾಯಿತಿ ತಪ್ಪುತ್ತದೆ. ಕೊಡುವ ಹಣಕ್ಕೆ ಎರಡರಲ್ಲೂ ತೆರಿಗೆ ಇಲ್ಲ. ಮಾಲೀಕರಿಗಿರುವ ದೊಡ್ಡ ಲಾಭವೆಂದರೆ, ವಿಮೆ ಕಂಪನಿ ಎಷ್ಟು ಏರಿಸಿದರೂ ಅಂಗಡಿಯ ಖರ್ಚು ನೀವು ಗೊತ್ತುಮಾಡಿದಷ್ಟೇ.

ಕಾಫಿ ಹೊತ್ತಿನಲ್ಲಿ ಎಲ್ಲರನ್ನೂ ಕೇಳಿದೆ. ಕೋಡಿಗೆ ಇಪ್ಪತ್ನಾಲ್ಕು ವಯಸ್ಸು, ಅಗ್ಗದ ವಿಮೆ ಸಾಕು. ಅವನು, "ನನಗೇನಾಗುತ್ತೆ? ಬೆರಳು ಕತ್ತರಿಸಿಕೊಂಡ್ರೆ ಟೇಪ್ ಹಾಕ್ಕೋತೀನಿ" ಅಂದ. ಲೈಲ್ ತನ್ನ ಅರ್ಧ ಬೆರಳು ಎತ್ತಿ ತೋರಿಸಿ, "ಟೇಪ್ ನಾನೂ ಹಾಕ್ಕೊಂಡಿದ್ದೆ ಮರಿ" ಅಂದ. ಎಲ್ಲರೂ ನಕ್ಕರು. ಒಟ್ಟಿನಲ್ಲಿ ಒಂಬತ್ತು ಜನರಲ್ಲಿ ಎಂಟು ಜನಕ್ಕೆ ಎರಡನೆಯ ಏರ್ಪಾಡೇ ಅನುಕೂಲ.

ಆದರೂ ನನ್ನ ಸಲಹೆ, ಗುಂಪು ವಿಮೆಯನ್ನೇ ಮುಂದುವರಿಸಿ ಎಂದು.

ಸೇಂಟ್ ಬೋನಿಫೇಸ್ ಚರ್ಚು ಮುಚ್ಚುತ್ತಿದೆಯಂತೆ. ನಿಮ್ಮ ಮಾವ ಮಾಡಿದ ಬೆಂಚುಗಳನ್ನೆಲ್ಲ ಡಬ್ಯೂಕ್ ಊರಿನ ಬಿಯರ್ ಅಂಗಡಿಯೊಂದು ಕೊಂಡಿದೆ. ಅವಕ್ಕೆ ಮೆತ್ತೆ ಹಾಕಿಕೊಡಲು ನಮಗೇ ಆರ್ಡರ್ ಬಂದಿದೆ.

ಬ್ರೆನ್ನಾ


ಯೂಮಾ
ನವೆಂಬರ್ 19

ಬ್ರೆನ್ನಾ,

ಬಿಯರ್ ಕುಡಿಯುವವರಿಗೆ ಮೆತ್ತೆ ಹಾಕು. ಪ್ರಾರ್ಥನೆ ಮಾಡುವವರಿಗೆ ನನ್ನ ಮಾವ ಒಂದು ದಿನವೂ ಹಾಕಲಿಲ್ಲ.

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಉದ್ದಕ್ಕೂ ಹೊಸ ಏರ್ಪಾಡನ್ನು ಹೊಗಳಿದ್ದೀಯ. ಕೊನೆಯಲ್ಲಿ ಒಂದು ಸಾಲು, ಬೇಡ ಅಂತ. ಬೆಂಚಿಗೆ ನಾಲ್ಕು ಕಾಲೂ ಸರಿಯಾಗಿ ಕೂರಿಸಿ ಆಮೇಲೆ ಇದರ ಮೇಲೆ ಕೂರಬೇಡಿ ಅಂತ ಬರೆದ ಹಾಗಿದೆ. ಎಂಟು ಜನಕ್ಕೆ ಅನುಕೂಲ ಅಂದೆ. ಒಂಬತ್ತನೆಯವರು ಯಾರು?

ನದಿಯಾಚೆಯ ಪಟ್ಟಿ ನೋಡು ಅಂದಿದ್ದೆ. ಅದರ ಬಗ್ಗೆ ಒಂದಕ್ಷರ ಇಲ್ಲ.

ಆರ್ಲಿಸ್


ಬ್ಲಫ್ ಲ್ಯಾಂಡಿಂಗ್
ನವೆಂಬರ್ 23

ಅತ್ತೆ,

ಒಂಬತ್ತನೆಯವಳು ನಾನು, ಜೂನಿಯ ವಿಮೆ ಇರುವುದು ನನ್ನ ಹೆಸರಿನಲ್ಲಿ. ನಿಮಗೆ ಅದು ಗೊತ್ತಿದ್ದೇ ಕೇಳಿದ್ದೀರಿ.

ಜೂನಿ ಚೆನ್ನಾಗಿದ್ದಾಳೆ ಎಂದು ಬರೆದದ್ದು ಪೂರ್ತಿ ನಿಜವಲ್ಲ. ಹುಟ್ಟಿದ ವಾರ ಆದ ಆಪರೇಷನ್ನಿನಲ್ಲಿ ಹೃದಯದ ಒಂದು ತೂತನ್ನು ಮಾತ್ರ ಮುಚ್ಚಿದ್ದರು. ಇನ್ನೊಂದು ತಾನೇ ಮುಚ್ಚಿಕೊಳ್ಳಬಹುದು ಎಂದಿದ್ದರು. ಮುಚ್ಚಿಕೊಂಡಿಲ್ಲ. ವಸಂತದಲ್ಲಿ ಮತ್ತೆ ತೆರೆಯಬೇಕಂತೆ. ಅಕ್ಟೋಬರ್‌ನಲ್ಲೇ ಹೇಳಿದರು. ನಾನು ನಿಮಗೆ ಹೇಳಬೇಡವೆಂದು ಕರ್ಟ್‌ನ ಬಾಯಿ ಮುಚ್ಚಿಸಿದೆ. ಅವಳು ಹುಟ್ಟಿದಾಗ ನೀವು ತೊಟ್ಟಿಲ ಹತ್ತಿರ ನಿಂತು, "ನಮ್ಮ ಕಡೆಯವರಲ್ಲಿ ಯಾರ ಹೃದಯಕ್ಕೂ ಹೀಗಾಗಿಲ್ಲ" ಅಂದಿರಿ. ಅದನ್ನು ಎರಡನೆಯ ಸಲ ಕೇಳಲು ನನಗೆ ಶಕ್ತಿ ಇರಲಿಲ್ಲ.

ಡಾಕ್ಟರ್ ಹಾಲ್ವರ್ಸನ್ ಇರುವ ಮಕ್ಕಳ ಆಸ್ಪತ್ರೆ ವಿಸ್ಕಾನ್ಸಿನ್‌ನಲ್ಲಿದೆ. ನಮ್ಮ ಗುಂಪು ವಿಮೆ ಅಲ್ಲಿ ನಡೆಯುತ್ತದೆ. ಆದರೆ ನಾವೇ ಕೊಳ್ಳಬಹುದಾದ ವಿಮೆಗಳು ಮನೆಯಿರುವ ಕೌಂಟಿಗೆ ತಕ್ಕಂತೆ. ಈ ದಡದ ಕೌಂಟಿಯಲ್ಲಿ ಸಿಗುವ ಪ್ರತಿಯೊಂದನ್ನೂ ನೋಡಿದೆ. ಎಲ್ಲವೂ ನದಿಗೆ ಬಂದು ನಿಂತುಬಿಡುತ್ತವೆ. ಅಡುಗೆಮನೆಯ ಕಿಟಕಿಯಿಂದ ನನಗೆ ಆ ದಡ ಕಾಣುತ್ತದೆ ಅತ್ತೆ. ಕೋಡಿ ಕಲ್ಲೆಸೆದರೆ ಅರ್ಧ ದಾರಿ ಹೋಗುತ್ತದೆ. ವಿಮೆ ಹೋಗುವುದಿಲ್ಲ.

ಅಯೋವಾದಲ್ಲೂ ಆಸ್ಪತ್ರೆಗಳಿವೆ, ಒಳ್ಳೆಯವೇ. ಆದರೆ ಜೂನಿಯ ಹೃದಯವನ್ನು ಕೈಯಲ್ಲಿ ಹಿಡಿದು ನೋಡಿದವರು ಪ್ರಪಂಚದಲ್ಲಿ ಒಬ್ಬರೇ. ಮತ್ತೆ ತೆರೆಯುವಾಗ ಆ ಕೈಯೇ ಬೇಕು. ಇದು ತರ್ಕವಲ್ಲ ಅಂತ ಗೊತ್ತು.

ಇವತ್ತು ಕಾಫಿ ಹೊತ್ತಿನಲ್ಲಿ ತಡೆಯಲಾರದೆ ಎಲ್ಲರ ಮುಂದೆ ಹೇಳಿಬಿಟ್ಟೆ. ಆಮೇಲೆ ಲೈಲ್, "ಇದಕ್ಯಾಕೆ ಇಷ್ಟು ಒದ್ದಾಡ್ತೀಯಮ್ಮ? ನೀನು ಹಳೇದನ್ನೇ ಇಟ್ಕೋ. ನಾವೆಲ್ಲ ಹೊಸದು ತಗೋತೀವಿ. ಮುದುಕಿಗೆ ನಾನ್ ಹೇಳ್ತೀನಿ" ಅಂದ. ಎಲ್ಲರೂ ಹೂಂ ಅಂದರು, ಕೋಡಿ ಕೂಡ. ಹಾಗೆ ಮಾಡುವಂತಿಲ್ಲ ಎಂದು ನಾನೇ ಅವರಿಗೆ ವಿವರಿಸಬೇಕಾಯಿತು. ಒಂದೇ ಬಗೆಯ ಕೆಲಸಗಾರರಲ್ಲಿ ಕೆಲವರಿಗೆ ಗುಂಪು ವಿಮೆ, ಕೆಲವರಿಗೆ ಈ ಏರ್ಪಾಡು ಎಂದು ಕೊಡಲು ಕಾನೂನು ಬಿಡುವುದಿಲ್ಲ. ಕಾಯಿಲೆಯವರನ್ನು ಮಾಲೀಕರು ಬೇರೆ ಮೂಲೆಗೆ ತಳ್ಳಬಾರದು ಅಂತ ಮಾಡಿದ ನಿಯಮ. ಲೈಲ್ ಕೇಳಿಸಿಕೊಂಡು, "ಅಂದ್ರೆ ನಿನ್ನ ಕಾಪಾಡೋಕೆ ಅಂತಾನೇ ನಿನ್ನ ಕಾಪಾಡಬಾರದು ಅಂತೀಯ" ಅಂದ.

ಗುಂಪು ವಿಮೆ ಇರಲಿ ಅತ್ತೆ. ಇನ್ನೊಂದೇ ವರ್ಷ. ನಾನು ನಿಮ್ಮನ್ನು ಇದುವರೆಗೆ ಏನೂ ಕೇಳಿಲ್ಲ.

ಬ್ರೆನ್ನಾ


ಯೂಮಾ
ನವೆಂಬರ್ 27

ಬ್ರೆನ್ನಾ,

ಗುಂಪು ವಿಮೆ ಮುಂದುವರಿಯುವುದಿಲ್ಲ. ಎರಡನೆಯ ಏರ್ಪಾಡು, ಮಾರ್ಚ್ ಒಂದರಿಂದ. ಸಂಸಾರವಂದಿಗರಿಗೆ ಹೆಚ್ಚು ಹಣ ಇಟ್ಟಿದ್ದೇನೆ. ಕೆಲಸಗಾರರಿಗೆ ನೋಟಿಸನ್ನು ಇಲ್ಲಿಂದಲೇ ಕಳಿಸಿದೆ.

ತೊಟ್ಟಿಲ ಹತ್ತಿರ ಹಾಗೆ ಅಂದೆ, ಹೌದು.

ನನ್ನ ಮನೆ ಖಾಲಿ ಇದೆ. ಅದು ವಿಸ್ಕಾನ್ಸಿನ್‌ನಲ್ಲಿದೆ.

ಆರ್ಲಿಸ್


ಬ್ಲಫ್ ಲ್ಯಾಂಡಿಂಗ್
ಡಿಸೆಂಬರ್ 5

ಆರ್ಲಿಸ್ ಅವರಿಗೆ,

ಈಗ ಅರ್ಥವಾಯಿತು. ನಿದ್ದೆ ಇಲ್ಲದ ತಲೆಗೂ ಇಷ್ಟು ಅರ್ಥವಾಗುತ್ತದೆ.

ಆ ಮನೆಯಿಂದ ನಾವು ಹೊರಟ ದಿನ ನೀವು ಬಾಗಿಲಲ್ಲಿ ನಿಂತು, "ಬರ್ತೀರಿ, ನೋಡ್ತಿರಿ" ಅಂದಿರಿ. ಮದುವೆಯಾದ ಮೊದಲ ವರ್ಷ ನಾನು ಅಲ್ಲಿ ತೊಳೆದ ಒಂದೊಂದು ತಟ್ಟೆಯನ್ನೂ, ನಾನು ಕೈ ಒರೆಸಿಕೊಳ್ಳುವಷ್ಟರಲ್ಲಿ, ನೀವು ತೆಗೆದು ಮತ್ತೆ ತೊಳೆದಿರಿ. ಒಂದು ಮಾತಾಡದೆ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ನಲ್ಲಿಯ ಸದ್ದಿಗೆ ಏನು ಉತ್ತರ ಕೊಡುವುದು?

ಮಗ ಬೇಕಿತ್ತು, ಮೊಮ್ಮಗಳು ಬೇಕಿತ್ತು, ಅದಕ್ಕೆ ಒಂಬತ್ತು ಜನರ ವಿಮೆಯನ್ನು ಎಳೆದುಹಾಕಿದಿರಿ. ಅದರ ಹೋಲಿಕೆಯನ್ನೂ ನನ್ನ ಕೈಯಲ್ಲೇ ಬರೆಸಿದಿರಿ. ನದಿಯಾಚೆಯ ಪಟ್ಟಿ ನೋಡು, ನದಿಯಾಚೆಯ ಪಟ್ಟಿ ನೋಡು! ನೋಡಿದೆ. ನಿಮ್ಮ ಕೌಂಟಿಯ ವಿಮೆಯಲ್ಲಿ ಡಾಕ್ಟರ್ ಹಾಲ್ವರ್ಸನ್ ಹೆಸರಿದೆ. ನಿಮಗೆ ಅದು ಮೊದಲೇ ಗೊತ್ತಿತ್ತು.

ನಾವು ಬರುವುದಿಲ್ಲ. ಬೇರೆ ದಾರಿ ಹುಡುಕುತ್ತೇನೆ.

ಬ್ರೆನ್ನಾ


ಬ್ಲಫ್ ಲ್ಯಾಂಡಿಂಗ್
ಜನವರಿ 14, 2025

ಅತ್ತೆ,

ನೀವು ಉತ್ತರ ಬರೆಯಲಿಲ್ಲ. ಕ್ರಿಸ್ಮಸ್‌ಗೆ ಜೂನಿಗೆ ಕಳಿಸಿದ ಉಲ್ಲನ್ ಟೋಪಿ ಬಂತು. ಸರಿಯಾಗಿ ಕೂರುತ್ತದೆ.

ಬೇರೆ ದಾರಿ ಹುಡುಕಿದೆ. ಆ ದಡದಲ್ಲಿ ಬಾಡಿಗೆ ಮನೆ ಕೇಳಿದೆ. ಇರುವುದೆಲ್ಲ ಬೇಸಿಗೆಯಲ್ಲಿ ದೋಣಿ ವಿಹಾರಕ್ಕೆ ಬರುವವರಿಗೆ ಮೀಸಲು. ವಿಮೆ ಇರುವ ಕೆಲಸ ಕರ್ಟ್‌ಗೆ ಬೇರೆಲ್ಲಾದರೂ ಸಿಗುತ್ತದೆಯೇ ಎಂದು ವಿಚಾರಿಸಿದೆ. ಅವನು, "ನಾನು ಬೆಂಚು ಮಾಡೋನು. ಬೆಂಚು ಮಾಡೋರು ನಾವೊಬ್ಬರೇ ಉಳ್ಕೊಂಡಿರೋದು" ಅಂದ. ನಾನೇ ಬೇರೆ ಕೆಲಸ ಹಿಡಿಯೋಣವೆಂದರೆ, ಈ ಮಗುವನ್ನು ಮೇಜಿನ ಪಕ್ಕದಲ್ಲಿಟ್ಟುಕೊಂಡು ಕೆಲಸ ಮಾಡಲು ನಿಮ್ಮ ಅಂಗಡಿ ಬಿಟ್ಟು ಇನ್ಯಾರು ಬಿಡುತ್ತಾರೆ? ಪ್ರತಿ ಬಾಗಿಲೂ ಇನ್ನೊಂದು ಬಾಗಿಲಿನ ಹಿಂದೆ ಇದೆ, ಮತ್ತು ಅದರ ಕೀಲಿ ಮೊದಲನೆಯ ಬಾಗಿಲ ಒಳಗಿದೆ.

ಕೊನೆಗೆ ನಾಚಿಕೆ ಬಿಟ್ಟು ವಿಮೆ ಕಚೇರಿಗೆ ಫೋನ್ ಮಾಡಿದೆ. ನಾವು ಇಲ್ಲೇ ಇದ್ದು ನಿಮ್ಮ ಮನೆಯ ವಿಳಾಸ ಮಾತ್ರ ಕೊಟ್ಟರೆ ಆದೀತೇ ಎಂದು ಸುತ್ತಿಬಳಸಿ ಕೇಳಿದೆ. ಆ ಕಡೆಯ ಹೆಂಗಸು ಒಳ್ಳೆಯವಳು. "ಮಗು ರಾತ್ರಿ ಎಲ್ಲಿ ಮಲಗುತ್ತೆ, ಮೇಡಂ? ನಮಗೆ ಅದೇ ಲೆಕ್ಕ" ಅಂದಳು.

"ಮಲಗೋದೇ ಇಲ್ಲ" ಅಂದೆ.

ಅವಳು ನಕ್ಕಳು. ನಾನೂ ನಕ್ಕೆ. ಆಮೇಲೆ ನನಗೆ ಅಳು ನಿಲ್ಲಿಸಲಾಗಲಿಲ್ಲ. ಅವಳು ಫೋನ್ ಇಡದೆ ಕಾದಳು.

ಈ ಬಾಡಿಗೆ ಮನೆಯನ್ನು ಖಾಲಿ ಮಾಡುತ್ತೇವೆಂದು ಮನೆಯ ಮಾಲೀಕರಿಗೆ ಹೇಳಿದ್ದೇವೆ. ಫೆಬ್ರವರಿ ಮೊದಲ ವಾರ ನಿಮ್ಮ ಮನೆಗೆ ಬರುತ್ತೇವೆ. ಚಳಿಗಾಲಕ್ಕೆ ಮಾತ್ರ ಇದ್ದರೆ ಸಾಲದು, ಇರುವುದಾದರೆ ಅಲ್ಲೇ ಇರಬೇಕು. ಏಪ್ರಿಲ್‌ನಲ್ಲಿ ನೀವು ಬಂದ ಮೇಲೂ. ನಿಮಗೆ ಇದೂ ಗೊತ್ತಿರಬೇಕು.

ನೀವು ಗೆದ್ದಿರಿ. ಮಹಡಿಯ ಕೀಲಿ ಎಲ್ಲಿದೆ ಎಂದು ತಿಳಿಸಿ.

ಬ್ರೆನ್ನಾ


ಯೂಮಾ
ಜನವರಿ 20

ಬ್ರೆನ್ನಾ,

ಮಹಡಿಯ ಕೀಲಿ ಹಿಟ್ಟಿನ ಡಬ್ಬಿಯಲ್ಲಿದೆ, ಹಿಟ್ಟಿನ ಕೆಳಗೆ. ಸ್ನಾನದ ಮನೆಯ ಬಿಸಿನೀರು ಮೊದಲು ತಣ್ಣಗೆ ಬರುತ್ತದೆ, ಕಾಯಬೇಕು. ಒಲೆಯ ಎಡಗಡೆಯ ಹಿಂದಿನ ಬರ್ನರ್ ಮೇಲೆ ನಂಬಿಕೆ ಇಡಬೇಡ. ಕಬ್ಬಿಣದ ಅಗಲ ಬಾಣಲೆಯನ್ನು ಸೋಪಿನಲ್ಲಿ ತೊಳೆಯಬೇಡ. ಗೊತ್ತು, ಗೊತ್ತು. ಆದರೂ ತೊಳೆಯಬೇಡ.

ಮಹಡಿಯಲ್ಲಿ ಪೂರ್ವದ ಕೋಣೆಯ ಬಾಗಿಲು ಬಿಗಿ. ಸ್ವಲ್ಪ ಮೇಲಕ್ಕೆತ್ತಿ ತಳ್ಳು. ಬೈಯುವುದಿದ್ದರೆ ಆ ಕೋಣೆ ನೋಡಿದ ಮೇಲೆ ಬೈ.

ಆರ್ಲಿಸ್


ಕೀಫರ್ ಮನೆ, ವಿಸ್ಕಾನ್ಸಿನ್ ದಡ
ಫೆಬ್ರವರಿ 6

ಅತ್ತೆ,

ಕೋಣೆ ನೋಡಿದೆ.

ನೀವು ಹೊಲಿಗೆ ಯಂತ್ರ ಇಟ್ಟುಕೊಂಡಿದ್ದ ಕೋಣೆ. ನಾನಿದ್ದಾಗ ಅದರೊಳಗೆ ಕಾಲಿಡಲು ಬಿಟ್ಟಿರಲಿಲ್ಲ. ಯಂತ್ರ ಇಲ್ಲ, ಬಟ್ಟೆಯ ಗಂಟುಗಳಿಲ್ಲ. ಗೋಡೆಗಳಿಗೆ ಹಳದಿ ಬಣ್ಣ, ಮೆಕ್ಕೆಜೋಳದ ತೆನೆಯ ಒಳಗಿನಂಥ ಹಳದಿ. ಕರ್ಟ್ ಮಲಗುತ್ತಿದ್ದ ಹಳೆಯ ತೊಟ್ಟಿಲು. ಅದರ ಪಕ್ಕದಲ್ಲಿ ಒಂದು ಅಗಲದ ಕುರ್ಚಿ, ರಾತ್ರಿ ಮಗುವನ್ನು ಎತ್ತಿಕೊಂಡು ಕೂರುವವರಿಗೆ ಬೇಕಾಗುವಂಥದ್ದು. ಬೆಂಚಿನ ಮರದ್ದು. ಮೆತ್ತೆ ಇದೆ.

ಕರ್ಟ್ ಬಾಗಿಲಲ್ಲೇ ನಿಂತುಬಿಟ್ಟ. "ಅಮ್ಮ ಯಾವಾಗ ಮಾಡಿದಳು?" ಅಂದ. ಅವನಿಗೂ ಗೊತ್ತಿರಲಿಲ್ಲ.

ಯಾವಾಗ ಎಂದು ನನಗೆ ಗೊತ್ತಾಯಿತು. ನೆಲಕ್ಕೆ ಬಣ್ಣ ತಾಗದಂತೆ ಹಾಸಿದ ನ್ಯೂಸ್‌ಪೇಪರುಗಳನ್ನು ಮೂಲೆಯಲ್ಲಿ ಮಡಿಸಿಟ್ಟಿದ್ದಿರಿ. ಎಲ್ಲವೂ ಸೆಪ್ಟೆಂಬರ್‌ನವು. ನೀವು ನನಗೆ ಹೋಲಿಕೆ ಮಾಡಿ ಬರೆ ಎಂದದ್ದು ನವೆಂಬರ್‌ನಲ್ಲಿ. ಜೂನಿಗೆ ಎರಡನೆಯ ಆಪರೇಷನ್ ಬೇಕೆಂದು ನಮಗೇ ತಿಳಿದದ್ದು ಅಕ್ಟೋಬರ್‌ನಲ್ಲಿ.

ಬೈಯಲು ಕೂತೆ. ಆ ಕುರ್ಚಿಯಲ್ಲೇ ಕೂತೆ. ಜೂನಿ ನನ್ನ ಎದೆಯ ಮೇಲೆ ನಿದ್ದೆ ಹೋದಳು, ಹಿಂದೆಯೇ ನಾನೂ. ಎದ್ದಾಗ ಬೆಳಕಾಗಿತ್ತು. ಅದಕ್ಕೇ ಈ ಕಾಗದ ಒಂದು ದಿನ ತಡ.

ನೇರವಾಗಿ ಕೇಳುತ್ತೇನೆ, ನೇರವಾಗಿ ಹೇಳಿ. ಸೆಪ್ಟೆಂಬರ್‌ನಲ್ಲಿ ನಿಮಗೆ ಏನು ಗೊತ್ತಿತ್ತು?

ಬ್ರೆನ್ನಾ


ಯೂಮಾ
ಫೆಬ್ರವರಿ 12

ಬ್ರೆನ್ನಾ,

ನೇರವಾಗಿ.

ಆಗಸ್ಟ್‌ನಲ್ಲಿ ಡೆಲ್ಮರ್ ಬಂದ. ಹ್ಯಾಟು ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದ. ಅವನು ಹ್ಯಾಟು ತೆಗೆದರೆ ಒಳ್ಳೆ ಸುದ್ದಿ ಇರಲ್ಲ. ನಮ್ಮ ವಿಮೆ ಕಂಪನಿ ಅಯೋವಾದ ಸಣ್ಣ ಅಂಗಡಿಗಳನ್ನು ಬಿಟ್ಟುಹೋಗುತ್ತಿದೆ ಅಂದ. ಫೆಬ್ರವರಿ ಮುಗಿದ ಮೇಲೆ ನಮ್ಮ ಗುಂಪು ವಿಮೆ ನಾನು ಬೇಕೆಂದರೂ ಇಲ್ಲ, ಕಾಲಿಗೆ ಬಿದ್ದರೂ ಇಲ್ಲ. ಉಳಿದ ಕಂಪನಿಗಳ ಗುಂಪು ವಿಮೆ ಕೇಳಿದೆ. ಅವೂ ನದಿ ದಾಟಲ್ಲ. ನೀನು "ಇನ್ನೊಂದೇ ವರ್ಷ" ಅಂತ ಬರೆದದ್ದು ಓದಿದಾಗ ನನ್ನ ಹತ್ತಿರ ಕೊಡೋಕೆ ಆ ವರ್ಷ ಇರಲೇ ಇಲ್ಲ.

ಎರಡನೇ ಆಪರೇಷನ್ ನನಗೆ ಗೊತ್ತಿರಲಿಲ್ಲ. ಮಗುವಿಗೆ ಆ ಡಾಕ್ಟರು ಬೇಕಾಗುತ್ತಾರೆ ಅನ್ನೋದು ಮಾತ್ರ ಗೊತ್ತಿತ್ತು. ಡೆಲ್ಮರ್‌ನ ಕೂರಿಸಿಕೊಂಡು ಒಂದೊಂದು ಕೌಂಟಿಯ ಪಟ್ಟಿಯನ್ನೂ ಓದಿಸಿದೆ. ಆ ಡಾಕ್ಟರ ಹೆಸರು ಸಿಕ್ಕಿದ್ದು ನನ್ನ ಮನೆಯ ದಡದಲ್ಲೇ. ಸಿಕ್ಕಿತಲ್ಲ ಅಂತ ಮೊದಲು ಖುಷಿಯಾಯಿತು. ಆಮೇಲೆ, ಅಯ್ಯೋ ದೇವರೇ ನನ್ನ ಮನೆಯೇ ಆಗಬೇಕಿತ್ತಾ, ಅವಳು ಬರೋದುಂಟೇ ಅಂತ ಅನಿಸಿತು.

ನಾನು "ಬಾ" ಅಂದಿದ್ದರೆ ನೀನು ಬರ್ತಿರಲಿಲ್ಲ. ಹಠಕ್ಕೆ ಬಿದ್ದು ಮಗುವನ್ನು ಎತ್ತಿಕೊಂಡು ಅಯೋವಾದ ಆ ತುದಿಗೆ ಹೋಗ್ತಿದ್ದೆ. ನೀನೇ ಲೆಕ್ಕ ಹಾಕಿ, ನೀನೇ ಕಂಡುಹಿಡಿದು, ನನಗೆ ಬೈದುಕೊಂಡಾದರೂ ಬರಲಿ ಅಂದುಕೊಂಡೆ. ಬೈದುಕೊಂಡೇ ಬಂದೆ. ಡಿಸೆಂಬರ್ ಕಾಗದಕ್ಕೆ ಉತ್ತರ ಬರೆಯಲಿಲ್ಲ, ಯಾಕೆಂದರೆ ಬರೆದರೆ ನಿಜ ಬರೆಯಬೇಕಾಗುತ್ತಿತ್ತು.

ಏಪ್ರಿಲ್ ಬಗ್ಗೆ ಚಿಂತೆ ಬೇಡ. ಇಲ್ಲಿಯ ಜಾಗವನ್ನು ಬೇಸಿಗೆಗೂ ಹಿಡಿದಿದ್ದೇನೆ. ಆ ಮನೆಗೆ ಇರೋದು ಒಂದೇ ಅಡುಗೆಮನೆ. ಅದರಲ್ಲಿ ನಾವಿಬ್ಬರು ನಿಂತು ನೋಡಿದ್ದೇವೆ. ಇಲ್ಲಿ ಕೂಲರ್ ಇದೆ. ಸೆಕೆ ಅಂತ ಎಲ್ಲರೂ ದೊಡ್ಡದು ಮಾಡ್ತಾರೆ, ಅಷ್ಟೇ.

ಕುರ್ಚಿ ಮಾಡಿದವನು ಲೈಲ್. ಮೆತ್ತೆ ನನ್ನದು. ನನ್ನ ಮಾವ ನೋಡಿದ್ದರೆ ಗೋರಿಯಿಂದ ಎದ್ದುಬರ್ತಿದ್ದರು.

ಆರ್ಲಿಸ್


ಕೀಫರ್ ಮನೆ
ಮಾರ್ಚ್ 4

ಪ್ರೀತಿಯ ಅತ್ತೆಗೆ,

ಹೊಸ ವಿಮೆಯ ಕಾರ್ಡು ಬಂದಿದೆ. ಆಸ್ಪತ್ರೆಗೆ ಫೋನ್ ಮಾಡಿ ಮೂರು ಸಲ ಕೇಳಿದೆ. ಡಾಕ್ಟರ್ ಹಾಲ್ವರ್ಸನ್ ಪಟ್ಟಿಯಲ್ಲಿದ್ದಾರೆ. ಮೂರನೆಯ ಸಲ ಆ ಹುಡುಗಿ, "ಇದ್ದಾರಮ್ಮ, ನಿನ್ನೆಗಿಂತ ಜಾಸ್ತಿ ಇದ್ದಾರೆ" ಅಂದಳು. ಆಪರೇಷನ್ ಮೇ ತಿಂಗಳ ಮಧ್ಯದಲ್ಲಿ.

ಈ ವಿಮೆಯೂ ಡಿಸೆಂಬರ್ ಕೊನೆಯವರೆಗೆ ಮಾತ್ರ. ಬರುವ ನವೆಂಬರ್‌ನಲ್ಲಿ ಇವರೂ ಹೊರಟುಹೋಗುತ್ತೇವೆ ಅನ್ನಬಹುದು. ಆಗ ಮತ್ತೆ ಯಾವ ದಡಕ್ಕೆ ಹೋಗುವುದೋ ಗೊತ್ತಿಲ್ಲ. ಈಗ ಅದನ್ನು ಯೋಚಿಸುವುದಿಲ್ಲ ಎಂದು ಕರ್ಟ್‌ಗೆ ಮಾತು ಕೊಟ್ಟಿದ್ದೇನೆ. ಯೋಚಿಸುತ್ತೇನೆ, ಅವನಿಗೆ ಹೇಳುವುದಿಲ್ಲ.

ನೀವು ಒಂದು ಮಾತು ಹೇಳಿದ್ದರೆ ನನಗೆ ಮೂರು ತಿಂಗಳ ಸಿಟ್ಟು ತಪ್ಪುತ್ತಿತ್ತು. ನಾನು ಅಕ್ಟೋಬರ್‌ನಲ್ಲಿ ಒಂದು ಮಾತು ಹೇಳಿದ್ದರೆ ನೀವು ಆ ಕುರ್ಚಿಗೆ ಬೀಗ ಹಾಕಿಡಬೇಕಾಗಿರಲಿಲ್ಲ. ಸರಿಹೋಯಿತು ಅಂತ ನಾನು ಬರೆಯುವುದಿಲ್ಲ. ಈ ಮನೆಯಲ್ಲಿ ನನಗೆ ಇನ್ನೂ ಉಸಿರು ಕಟ್ಟುತ್ತದೆ. ಪಾತ್ರೆ ಇಡಲು ಕೈ ಚಾಚಿದಾಗಲೆಲ್ಲ ಹಿಂದೆ ನೀವು ನಿಂತಿದ್ದೀರೇನೋ ಎಂದು ತಿರುಗಿ ನೋಡುತ್ತೇನೆ.

ಆದರೆ ಲೈಲ್‌ನನ್ನು ಕೇಳಿದೆ, ಬೇಸಿಗೆಯಲ್ಲಿ ಯೂಮಾ ಹೇಗಿರುತ್ತದೆ ಎಂದು. ಅವನು ಉಳಿ ಕೆಳಗಿಟ್ಟು ನನ್ನ ಮುಖ ನೋಡಿದ. "ಜುಲೈನಲ್ಲಿ ಅಲ್ಲಿ ಹಲ್ಲಿ ಕೂಡ ಇರಲ್ಲ. ಮುದುಕಿಗೇನು ತಲೆ ಕೆಟ್ಟಿದೆಯಾ?" ಅಂದ. ನಾನು ಇಲ್ಲ ಅಂದೆ.

ನನ್ನನ್ನು ಈ ಮನೆಯೊಳಗೆ ಹಾಕಿ ನೀವು ಆ ತಗಡಿನ ಡಬ್ಬಿಯಲ್ಲಿ ಬೇಯುವುದು ನನಗೆ ಬೇಡ. ಸಿಕ್ಕಿಕೊಳ್ಳುವುದೇ ಆದರೆ ಇಬ್ಬರೂ ಇಲ್ಲೇ ಸಿಕ್ಕಿಕೊಳ್ಳೋಣ. ಮೇ ತಿಂಗಳಲ್ಲಿ ನಾನೂ ಕರ್ಟ್‌ನೂ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿರುವಾಗ ಪಕ್ಕದಲ್ಲಿ ಇನ್ನೊಬ್ಬರು ಬೇಕು. ಕರ್ಟ್ ಆ ಹೊತ್ತಿನಲ್ಲಿ ಬೆಂಚಿನ ಕೆತ್ತನೆ ನೋಡುತ್ತಾ ಕೂರುತ್ತಾನೆ, ನಿಮಗೆ ಗೊತ್ತು.

ಬೇಸಿಗೆಯ ಜಾಗ ಬಿಟ್ಟುಬಿಡಿ. ಏಪ್ರಿಲ್‌ನಲ್ಲಿ ಬನ್ನಿ.

ತಟ್ಟೆಗಳನ್ನು ನಾನು ತೊಳೆದಿಡುತ್ತೇನೆ. ನೀವು ಮತ್ತೆ ತೊಳೆಯಿರಿ.

ಬ್ರೆನ್ನಾ